ಹುಟ್ಟುಗುಣ ಮತ್ತು ಕರಿಹಲಗೆ

1921ನೇ ಇಸವಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮೂರು ವರ್ಷ ತತ್ವಶಾಸ್ತ್ರ ಕಲಿಸಿದ್ದ ಎಸ್. ರಾಧಾಕೃಷ್ಣನ್ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಹೊರಟು ನಿಂತಿದ್ದರು. ವಿದ್ಯಾರ್ಥಿಗಳು ಸಾರೋಟನ್ನು ಹೂವಿನಿಂದ ಸಿಂಗರಿಸಿ, ಕುದುರೆಗಳ ಬದಲು ತಾವೇ ಹೆಗಲು ಕೊಟ್ಟು, ಮೇಷ್ಟ್ರನ್ನು ರೈಲು ನಿಲ್ದಾಣದವರೆಗೆ ಎಳೆದೊಯ್ದರು. ಪ್ರತಿ ವರ್ಷ ಸೆಪ್ಟೆಂಬರ್ 5 ಬಂದಾಗ ನಮ್ಮ ಶಾಲೆಗಳಲ್ಲಿ ಯಾರಾದರೊಬ್ಬರು ಈ ಕಥೆ ಹೇಳಿಯೇ ಹೇಳುತ್ತಾರೆ.

ಅದೇ ವರ್ಷಗಳಲ್ಲಿ, ಅದೇ ಕಾಲೇಜಿನ ಸಂಸ್ಕೃತ ವಿಭಾಗದಲ್ಲಿ ಎಂ. ಹಿರಿಯಣ್ಣ ಪಾಠ ಮಾಡುತ್ತಿದ್ದರು. ಅವರು ಮಿತಭಾಷಿ, ಒಂದೊಂದು ಮಾತನ್ನೂ ತೂಗಿ ಆಡುವವರು. ಅವರ ಬಗ್ಗೆ ಯಾರೂ ಸಾರೋಟಿನ ಕಥೆ ಹೇಳುವುದಿಲ್ಲ. ಆದರೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಅವರು ವರ್ಷಗಟ್ಟಲೆ ಕೊಟ್ಟ ಉಪನ್ಯಾಸಗಳೇ ಮುಂದೆ 1932ರಲ್ಲಿ ಲಂಡನ್ನಿನಿಂದ ಪುಸ್ತಕವಾಗಿ ಬಂದವು. ಭಾರತೀಯ ತತ್ವಶಾಸ್ತ್ರದ ರೂಪರೇಖೆಗಳನ್ನು ಹೇಳುವ ಆ ಪುಸ್ತಕ ತೊಂಬತ್ತು ವರ್ಷ ದಾಟಿದರೂ ವಿದ್ಯಾರ್ಥಿಗಳ ಮೇಜಿನಿಂದ ಇಳಿದಿಲ್ಲ.

ಒಬ್ಬರು ಸಭೆಯನ್ನು ತುಂಬುವ ವಾಗ್ಮಿ, ಇನ್ನೊಬ್ಬರು ಸದ್ದಿಲ್ಲದ ಪಂಡಿತರು. ಇಬ್ಬರೂ ಕಲಿಸಿದರು, ಇಬ್ಬರಿಂದಲೂ ಜನ ಕಲಿತರು. ಹಾಗಾದರೆ ಮೇಷ್ಟ್ರ ಸ್ವಭಾವಕ್ಕೂ ಅವರ ಪಾಠಕ್ಕೂ ಇರುವ ನಂಟೇನು? 'ಹುಟ್ಟುಗುಣ ಸುಟ್ಟರೂ ಹೋಗದು' ಅನ್ನುತ್ತದೆ ನಮ್ಮ ಗಾದೆ. ಮೇಷ್ಟ್ರೂ ಹುಟ್ಟುತ್ತಲೇ ಮೇಷ್ಟ್ರಾಗಿರಬೇಕು, ತರಬೇತಿಯಿಂದ ಬರುವಂಥದ್ದಲ್ಲ ಎನ್ನುವವರು ಇಂದಿಗೂ ಇದ್ದಾರೆ. ಮನೋವಿಜ್ಞಾನ ಈ ಗಾದೆಯನ್ನು ಒರೆಗೆ ಹಚ್ಚಿ ನೋಡಿದೆ. ಗಾದೆ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ನಿಘಂಟಿನಿಂದ ಅಳತೆಗೋಲು

ಎತ್ತರ ಅಳೆಯಲು ಟೇಪು ಇದೆ. ಸ್ವಭಾವ ಅಳೆಯುವುದು ಯಾವುದರಿಂದ? ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್ ಎಂಬ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು 1936ರಲ್ಲಿ ನಿಘಂಟಿನ ಮೊರೆ ಹೋದರು. ಅವರ ತರ್ಕ ಸರಳವಾದದ್ದು. ಮನುಷ್ಯರ ನಡುವೆ ಮುಖ್ಯವಾದ ವ್ಯತ್ಯಾಸ ಇದ್ದರೆ ಜನ ಅದಕ್ಕೊಂದು ಹೆಸರು ಇಟ್ಟೇ ಇರುತ್ತಾರೆ. ನಾವೂ ಹಾಗೇ ಅಲ್ಲವೇ? ಜುಗ್ಗ, ಧಾರಾಳಿ, ಮುಂಗೋಪಿ, ಸಾಧು, ಮಾತುಗಾರ, ಮೂಕಬಸವ, ಹಟಮಾರಿ, ಉದಾಸೀನ ಎನ್ನುತ್ತಾ ಒಬ್ಬೊಬ್ಬರನ್ನೂ ಒಂದೊಂದು ಪದದಲ್ಲಿ ಹಿಡಿದಿಡುತ್ತೇವೆ. ಇಂಗ್ಲಿಷ್ ನಿಘಂಟನ್ನು ಜಾಲಾಡಿದ ಇವರಿಗೆ ವ್ಯಕ್ತಿಗಳನ್ನು ಬಣ್ಣಿಸುವ ಸುಮಾರು 18,000 ಪದಗಳು ಸಿಕ್ಕವು. ಅವುಗಳಲ್ಲಿ ಸ್ಥಿರವಾದ ಗುಣಗಳನ್ನು ಹೇಳುವಂಥವು ಸುಮಾರು 4,500.

ಅಷ್ಟು ಪದಗಳನ್ನು ಇಟ್ಟುಕೊಂಡು ಯಾರನ್ನೂ ಅಳೆಯಲಾಗದು. ಆದರೆ ಗುಣಗಳು ಒಂಟೊಂಟಿಯಾಗಿ ಬರುವುದಿಲ್ಲ. ಮಾತುಗಾರರಾದವರು ಸಾಮಾನ್ಯವಾಗಿ ಹತ್ತು ಜನರ ಜೊತೆ ಬೆರೆಯುವವರೂ ಆಗಿರುತ್ತಾರೆ, ಅಚ್ಚುಕಟ್ಟಾದವರು ಹೇಳಿದ ಹೊತ್ತಿಗೆ ಬರುವವರೂ ಆಗಿರುತ್ತಾರೆ. ಹೀಗೆ ಜೊತೆಜೊತೆಗೆ ಕಾಣುವ ಗುಣಗಳನ್ನು ಲೆಕ್ಕಾಚಾರದ ಮೂಲಕ ಗುಂಪು ಮಾಡುತ್ತಾ ಹೋದಾಗ, 1961ರಲ್ಲಿ ಅಮೆರಿಕದ ವಾಯುಪಡೆಗಾಗಿ ಕೆಲಸ ಮಾಡುತ್ತಿದ್ದ ಅರ್ನೆಸ್ಟ್ ಟ್ಯೂಪ್ಸ್ ಮತ್ತು ರೇಮಂಡ್ ಕ್ರಿಸ್ಟಲ್ ಅವರಿಗೆ ಐದು ದೊಡ್ಡ ಗುಂಪುಗಳು ಕಂಡವು. ಬೇರೆಯವರು ಬೇರೆ ಕಡೆ ಹುಡುಕಿದಾಗಲೂ ಹೆಚ್ಚುಕಡಿಮೆ ಅವೇ ಐದು ಸಿಕ್ಕವು. ಲೂಯಿಸ್ ಗೋಲ್ಡ್‌ಬರ್ಗ್ ಅವಕ್ಕೆ 'ಬಿಗ್ ಫೈವ್' ಎಂದು ಹೆಸರಿಟ್ಟರು. ನಾವು ಅವನ್ನು ಮಹಾಪಂಚಕ ಎನ್ನೋಣ. ಬಹಿರ್ಮುಖತೆ, ಕರ್ತವ್ಯನಿಷ್ಠೆ, ಹೊಸತಿಗೆ ತೆರೆದ ಮನಸ್ಸು, ಸೌಹಾರ್ದ ಮತ್ತು ಭಾವಸ್ಥೈರ್ಯ, ಇವೇ ಆ ಐದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಂಪನಿಗಳ ತರಬೇತಿ ಶಿಬಿರಗಳಲ್ಲಿ 'ನೀವು ಹದಿನಾರರಲ್ಲಿ ಯಾವ ಟೈಪು?' ಎಂದು ಕೇಳುವ ಪರೀಕ್ಷೆ ನಿಮ್ಮ ಕೈಗೂ ಬಂದಿರಬಹುದು. ಅದರ ಹೆಸರು ಮೈಯರ್ಸ್-ಬ್ರಿಗ್ಸ್. ಕಾರ್ಲ್ ಯೂಂಗ್ 1921ರಲ್ಲಿ ಬರೆದ ಪುಸ್ತಕವೊಂದರ ಜಾಡು ಹಿಡಿದು ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಎರಡನೆಯ ಮಹಾಯುದ್ಧದ ದಿನಗಳಲ್ಲಿ ಅದನ್ನು ಕಟ್ಟಿದರು. ಮಗಳು ಅದಕ್ಕೂ ಮೊದಲು ಪತ್ತೇದಾರಿ ಕಾದಂಬರಿ ಬರೆದು ಹೆಸರು ಮಾಡಿದವರು. ಪರೀಕ್ಷೆಯೇನೋ ಜನಪ್ರಿಯವಾಯಿತು. ತೊಂದರೆ ಇರುವುದು ಅದರ ಲೆಕ್ಕದಲ್ಲಿ. ಊರಿನ ಜನರನ್ನೆಲ್ಲ 'ಎತ್ತರದವರು', 'ಗಿಡ್ಡರು' ಎಂದು ಎರಡೇ ಸಾಲಿನಲ್ಲಿ ನಿಲ್ಲಿಸಿ ನೋಡಿ. ಬಹುಪಾಲು ಜನ ನಡುವಿನ ಗೆರೆಯ ಆಸುಪಾಸಿನಲ್ಲೇ ಇರುವುದರಿಂದ ಒಂದು ಅಂಗುಲ ಆಚೀಚೆಯಾದರೆ ಸಾಲೇ ಬದಲಾಗುತ್ತದೆ. ಈ ಪರೀಕ್ಷೆಯಲ್ಲಿ ಆಗುವುದೂ ಅದೇ. ಕೆಲವೇ ವಾರಗಳ ನಂತರ ಮತ್ತೆ ಕೂತು ಬರೆದರೆ ಅನೇಕರ 'ಟೈಪು' ಬೇರೆಯಾಗಿಬಿಡುತ್ತದೆ. ಮಹಾಪಂಚಕದಲ್ಲಿ ಸಾಲುಗಳಿಲ್ಲ, ಅಳತೆಪಟ್ಟಿ ಇದೆ. ಆ ಪಟ್ಟಿಯ ಮೇಲೆ ಎಲ್ಲರಿಗೂ ಎಲ್ಲೋ ಒಂದು ಜಾಗ. ಹೀಗಾಗಿ ಈ ಬರಹದಲ್ಲಿ 'ಅಂತರ್ಮುಖಿ ಶಿಕ್ಷಕಿ' ಎಂದರೆ ಪಟ್ಟಿಯ ಆ ತುದಿಗೆ ಹತ್ತಿರ ಇರುವವರು ಎಂದಷ್ಟೇ ಅರ್ಥ.

ಒಂದೇ ಪಾಠ, ಐದು ತರಗತಿ

ಎಂಟನೇ ತರಗತಿಯ ವಿಜ್ಞಾನದ ಪಾಠವೊಂದನ್ನು ತೆಗೆದುಕೊಳ್ಳೋಣ. ಬೆಳಕಿನ ಪ್ರತಿಫಲನ.

ಬಹಿರ್ಮುಖಿ ಮೇಷ್ಟ್ರು ಕೈಯಲ್ಲಿ ಕನ್ನಡಿ ಹಿಡಿದೇ ಒಳಗೆ ಬರುತ್ತಾರೆ. ಕಿಟಕಿಯ ಬಿಸಿಲು ಚಾವಣಿಗೆ, ಚಾವಣಿಯಿಂದ ಹಿಂದಿನ ಬೆಂಚಿಗೆ ಹಾರುತ್ತದೆ. ತರಗತಿ ಗೊಳ್ಳೆನ್ನುತ್ತದೆ. ಅಂತರ್ಮುಖಿ ಟೀಚರು ಹಲಗೆಯ ಮೇಲೆ ಸಾವಕಾಶವಾಗಿ ಕೋನಮಾಪಕ ಇಟ್ಟು ಪತನ ಕಿರಣ ಎಳೆಯುತ್ತಾರೆ, ಆಮೇಲೆ ಬೆಂಚುಗಳ ನಡುವೆ ನಡೆದು ಒಂದೊಂದೇ ನೋಟ್‌ಬುಕ್ ಬಗ್ಗಿ ನೋಡುತ್ತಾರೆ. ಮೊದಲನೆಯವರ ತರಗತಿಯಲ್ಲಿ ಯಾರೂ ತೂಕಡಿಸುವುದಿಲ್ಲ. ಆದರೆ ಆ ಗದ್ದಲದಲ್ಲಿ ಕೈ ಎತ್ತಲು ಅಂಜುವ ಹುಡುಗಿ ಕಾಣದೇ ಹೋಗಬಹುದು. ಎರಡನೆಯವರು ಅವಳ ನೋಟ್‌ಬುಕ್ಕಿನಲ್ಲಿ ಲಂಬ ತಪ್ಪಿದ್ದನ್ನು ಹಿಡಿಯುತ್ತಾರೆ. ಆದರೆ ಅಷ್ಟರಲ್ಲಿ ಹಿಂದಿನ ಬೆಂಚು ಕಿಟಕಿಯಾಚೆಗೆ ಹೋಗಿರುತ್ತದೆ.

ನಡುವೆ ಒಬ್ಬ ಹುಡುಗ ಏಳುತ್ತಾನೆ. "ಸಾ, ನೀರಲ್ಲಿ ಮುಖ ಕಾಣುತ್ತೆ, ಗೋಡೇಲಿ ಯಾಕೆ ಕಾಣಲ್ಲ?" ಕರ್ತವ್ಯನಿಷ್ಠೆ ಹೆಚ್ಚಿರುವ ಮೇಷ್ಟ್ರ ಪಾಠಯೋಜನೆಯಲ್ಲಿ ಆ ಪ್ರಶ್ನೆ ನಾಳಿದ್ದಿನ ಪುಟದಲ್ಲಿದೆ. "ಅದು ಆಮೇಲೆ ಬರುತ್ತೆ, ಕೂತ್ಕೊ" ಅನ್ನುತ್ತಾರೆ. ಅವರ ತರಗತಿಯಲ್ಲಿ ಘಟಕ ಪರೀಕ್ಷೆಯ ಉತ್ತರಪತ್ರಿಕೆ ಮರುದಿನವೇ ತಿದ್ದಿ ಬರುತ್ತದೆ, ಸಿಲಬಸ್ಸು ಫೆಬ್ರವರಿಗೆ ಮೊದಲೇ ಮುಗಿಯುತ್ತದೆ. ಹೊಸತಿಗೆ ಮನಸ್ಸು ತೆರೆದಿರುವ ಮೇಷ್ಟ್ರು ಅದೇ ಪ್ರಶ್ನೆಗೆ ಹಿಗ್ಗಿ, ಸೀಮೆಸುಣ್ಣ ಕೆಳಗಿಟ್ಟು, ನುಣುಪು ಮೇಲ್ಮೈ, ತರಿ ಮೇಲ್ಮೈ ಎಂದು ಅದರ ಬೆನ್ನು ಹತ್ತುತ್ತಾರೆ. ಹುಡುಗ ಕೇಳಿದ್ದು ಪಾಠದ ತಿರುಳನ್ನೇ. ಆದರೆ ಪತನ ಕೋನ, ಪ್ರತಿಫಲನ ಕೋನ ಸಮ ಎಂಬ ನಿಯಮವನ್ನು ಹಲಗೆಗೆ ಬರೆಯುವ ಮೊದಲೇ ಗಂಟೆ ಹೊಡೆಯುತ್ತದೆ.

ಸೌಹಾರ್ದ ಹೆಚ್ಚಿರುವವರ ತರಗತಿಯಲ್ಲಿ ಮಕ್ಕಳಿಗೆ ಭಯವಿಲ್ಲ. ಆದರೆ 'ಇದು ತಪ್ಪು' ಎಂದು ಕಡ್ಡಿ ಮುರಿದಂತೆ ಹೇಳಲು ಅವರಿಗೇ ಸಂಕೋಚ. ಭಾವಸ್ಥೈರ್ಯದ ವಿಷಯ ಪಾಠದಲ್ಲಿ ಕಾಣುವುದಿಲ್ಲ, ಹಿಂದಿನಿಂದ ಸೀಮೆಸುಣ್ಣದ ಚೂರು ತೂರಿಬಂದ ಗಳಿಗೆಯಲ್ಲಿ ಕಾಣುತ್ತದೆ. ಒಬ್ಬರು ಅದನ್ನು ಎತ್ತಿ ಮೇಜಿನ ಮೇಲಿಟ್ಟು ಮುಂದಿನ ವಾಕ್ಯಕ್ಕೆ ಹೋಗುತ್ತಾರೆ. ಇನ್ನೊಬ್ಬರಿಗೆ ಆ ಪೀರಿಯಡ್ಡೇ ಹಾಳು, ಸಂಜೆ ಮನೆಯಲ್ಲೂ ಅದೇ ಗುಂಗು.

ಗಮನಿಸಿ, ಯಾವ ಗುಣವೂ ಪುಕ್ಕಟೆ ಬರಲಿಲ್ಲ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ವಸೂಲಿ ಮಾಡಿತು.

ಅರ್ಧ ನಿಮಿಷದ ಮೂಕಿಚಿತ್ರ

ಹಾಗಿದ್ದೂ ನಮಗೆಲ್ಲ ಒಂದು ಬಗೆಯ ಸ್ವಭಾವದ ಮೇಲೆಯೇ ಒಲವು. ಕೇರಳ ಮೂಲದ ಮನೋವಿಜ್ಞಾನಿ ನಳಿನಿ ಅಂಬಾಡಿ, ರಾಬರ್ಟ್ ರೋಸೆಂತಾಲ್ ಜೊತೆಗೂಡಿ 1993ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಹಾರ್ವರ್ಡ್‌ನಲ್ಲಿ ಪಾಠ ಮಾಡುತ್ತಿದ್ದ 13 ಮಂದಿಯ ವಿಡಿಯೊಗಳಿಂದ ತಲಾ ಹತ್ತು ಸೆಕೆಂಡಿನ ಮೂರು ತುಣುಕುಗಳನ್ನು ಕತ್ತರಿಸಿದರು. ಧ್ವನಿ ತೆಗೆದುಹಾಕಿದರು. ಆ ಶಿಕ್ಷಕರನ್ನು ಎಂದೂ ಕಂಡಿರದವರಿಗೆ ತೋರಿಸಿ, ಇವರಲ್ಲಿ ಆತ್ಮವಿಶ್ವಾಸ ಎಷ್ಟು, ಉತ್ಸಾಹ ಎಷ್ಟು, ಆತ್ಮೀಯತೆ ಎಷ್ಟು ಎಂದು ಅಂಕ ಕೊಡಿಸಿದರು. ಅರ್ಧ ನಿಮಿಷದ ಮೂಕಿಚಿತ್ರ ನೋಡಿ ಅಪರಿಚಿತರು ಕೊಟ್ಟ ಅಂಕಗಳು, ಇಡೀ ಸೆಮಿಸ್ಟರ್ ಪಾಠ ಕೇಳಿದ ವಿದ್ಯಾರ್ಥಿಗಳು ಕೊನೆಗೆ ಕೊಟ್ಟ ಅಂಕಗಳಿಗೆ ಅಚ್ಚರಿಯಾಗುವಷ್ಟು ಹೊಂದಿಕೊಂಡವು.

ಇದರಿಂದ ಎರಡು ತೀರ್ಮಾನಕ್ಕೆ ಬರಬಹುದು. ಒಳ್ಳೆಯ ಮೇಷ್ಟ್ರ ಸ್ವಭಾವ ಮೈಯಲ್ಲೇ ಎದ್ದು ಕಾಣುತ್ತದೆ ಎನ್ನುವುದು ಒಂದು. ವಿದ್ಯಾರ್ಥಿಗಳು ಸೆಮಿಸ್ಟರ್ ಪೂರ್ತಿ ಕೂತು ಕೊಟ್ಟ ಅಂಕವೂ ಪಾಠಕ್ಕಿಂತ ಮೈಭಾಷೆಗೇ ಹೆಚ್ಚಾಗಿ ಸಂದಿರಬಹುದು ಎನ್ನುವುದು ಇನ್ನೊಂದು. ಎರಡನೆಯ ಅನುಮಾನಕ್ಕೆ ಬಲ ಕೊಡುವ ತಮಾಷೆಯ ಪ್ರಯೋಗವೊಂದು 1973ರಲ್ಲೇ ಪ್ರಕಟವಾಗಿತ್ತು. 'ಡಾ. ಮೈರನ್ ಫಾಕ್ಸ್' ಎಂಬ ಗಣಿತತಜ್ಞರಿಂದ ವೈದ್ಯಶಿಕ್ಷಣದಲ್ಲಿ ಆಟದ ಸಿದ್ಧಾಂತ ಕುರಿತು ಉಪನ್ಯಾಸ ಏರ್ಪಾಡಾಗಿತ್ತು. ಕೇಳಲು ಬಂದವರು ಮನೋವೈದ್ಯರು, ಮನೋವಿಜ್ಞಾನಿಗಳು, ಓದಿಕೊಂಡವರು. ಡಾ. ಫಾಕ್ಸ್ ನಕ್ಕರು, ನಗಿಸಿದರು, ಪ್ರಶ್ನೆಗಳಿಗೆ ಉತ್ತರಿಸಿದರು. ಸಭಿಕರು ಮೆಚ್ಚಿಕೊಂಡರು. ಒಬ್ಬರಂತೂ ಇವರ ಲೇಖನಗಳನ್ನು ಮೊದಲೇ ಓದಿದ್ದೇನೆ ಎಂದರು. ಡಾ. ಫಾಕ್ಸ್ ಎಂಬುವರು ಇರಲೇ ಇಲ್ಲ. ಅಂದು ನಿಂತು ಮಾತಾಡಿದವರು ಒಬ್ಬ ನಟ. ಅರ್ಥವಿಲ್ಲದ ಮಾತುಗಳನ್ನು, ಒಂದಕ್ಕೊಂದು ಸೇರದ ಹೇಳಿಕೆಗಳನ್ನು ಠೀವಿಯಿಂದ ಒಪ್ಪಿಸುವಂತೆ ಅವರಿಗೆ ತಾಲೀಮು ಕೊಡಲಾಗಿತ್ತು.

ಇಷ್ಟವಾಗುವುದು ಬೇರೆ, ಕಲಿಯುವುದು ಬೇರೆ ಎಂಬುದನ್ನು ಗಟ್ಟಿಯಾಗಿ ತೋರಿಸಿದ್ದು ಅಮೆರಿಕದ ವಾಯುಪಡೆ ಅಕಾಡೆಮಿಯ ಅಧ್ಯಯನ. ಅಲ್ಲಿ ಯಾವ ವಿದ್ಯಾರ್ಥಿಗೆ ಯಾವ ಪ್ರಾಧ್ಯಾಪಕರು ಎಂಬುದು ಚೀಟಿ ಎತ್ತಿದಂತೆ ತೀರ್ಮಾನವಾಗುತ್ತದೆ. ಎಲ್ಲರಿಗೂ ಒಂದೇ ಸಿಲಬಸ್, ಒಂದೇ ಪರೀಕ್ಷೆ. ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ 2010ರಲ್ಲಿ ಪ್ರಕಟಿಸಿದ ಪ್ರಕಾರ, ಮೊದಲ ಹಂತದ ಕಲನಶಾಸ್ತ್ರದಲ್ಲಿ ಯಾವ ಪ್ರಾಧ್ಯಾಪಕರ ವಿದ್ಯಾರ್ಥಿಗಳು ಆಗಲೇ ಹೆಚ್ಚು ಅಂಕ ತೆಗೆದು, ಮೇಷ್ಟ್ರಿಗೂ ಹೆಚ್ಚು ಅಂಕ ಕೊಟ್ಟರೋ, ಅವರು ಮುಂದಿನ ಹಂತದ ಗಣಿತದಲ್ಲಿ ಹಿಂದೆ ಬಿದ್ದರು. ಅಷ್ಟೇನೂ ಮೆಚ್ಚುಗೆ ಸಿಗದ ಅನುಭವಿ ಮೇಷ್ಟ್ರುಗಳ ಶಿಷ್ಯರು ಮುಂದೆ ಚೆನ್ನಾಗಿ ಮಾಡಿದರು.

ಇನ್ನು ಮಹಾಪಂಚಕ ಮತ್ತು ಬೋಧನೆಯ ನಂಟನ್ನೇ ನೇರವಾಗಿ ಅಳೆದ ಅಧ್ಯಯನಗಳಿವೆ. 6,294 ಶಿಕ್ಷಕರನ್ನು ಒಳಗೊಂಡ ಇಂಥ 25 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೀಸಾ ಕಿಮ್ ಮತ್ತು ಜೊತೆಗಾರರು 2019ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ಬಹಿರ್ಮುಖತೆ, ಕರ್ತವ್ಯನಿಷ್ಠೆ, ತೆರೆದ ಮನಸ್ಸು, ಭಾವಸ್ಥೈರ್ಯ ಈ ನಾಲ್ಕಕ್ಕೂ ಬೋಧನೆಯ ಗುಣಮಟ್ಟಕ್ಕೂ ನಂಟು ಕಂಡಿತು. ಸೌಹಾರ್ದಕ್ಕೆ ಮಾತ್ರ ಕಾಣಲಿಲ್ಲ. ಮೇಷ್ಟ್ರು ಒಳ್ಳೆಯವರಾಗಿದ್ದ ಮಾತ್ರಕ್ಕೆ ಪಾಠ ಒಳ್ಳೆಯದಾಗುವುದಿಲ್ಲ ಎಂದು ಇದನ್ನು ಓದಿಕೊಳ್ಳಬಹುದು. ಆದರೆ ಸಿಕ್ಕ ನಂಟು ತೆಳುವಾದದ್ದು. ಸಂಖ್ಯಾಶಾಸ್ತ್ರದಲ್ಲಿ ಸಂಬಂಧವೇ ಇಲ್ಲದಿದ್ದರೆ 0, ಪೂರ್ಣ ಸಂಬಂಧವಿದ್ದರೆ 1 ಎನ್ನುತ್ತಾರೆ. ಇಲ್ಲಿ ಸಿಕ್ಕ ಅಂಕಿಗಳೆಲ್ಲ 1ಕ್ಕಿಂತ 0ಗೇ ಹತ್ತಿರ. ಅದರಲ್ಲೂ ಪಾಠದ ಬಗ್ಗೆ ಇತರರು ಕೊಡುವ ಅಭಿಪ್ರಾಯದ ಜೊತೆಗೇ ನಂಟು ಹೆಚ್ಚಾಗಿ ಕಂಡಿತು. ಸ್ವಭಾವ ಗೊತ್ತಾದ ಮಾತ್ರಕ್ಕೆ 'ಇವರು ಒಳ್ಳೆಯ ಟೀಚರ್ ಆಗುತ್ತಾರೆ' ಎಂದು ಭವಿಷ್ಯ ನುಡಿಯಲಾಗದು.

ಮುಖವಾಡ ಮಾಡುವ ಹುಡುಗರು

ಸ್ವಭಾವದ ಹಿಡಿತ ಇಷ್ಟು ಸಡಿಲವಾಗಿರುವುದು ಏಕೆ? ಏಕೆಂದರೆ ಮಕ್ಕಳಿಗೆ ತಲುಪುವುದು ಮೇಷ್ಟ್ರ ಒಳಗಿನ ಗುಣವಲ್ಲ, ಮೇಷ್ಟ್ರು ಮಾಡುವ ಕೆಲಸ. ಇವೆರಡನ್ನೂ ಬಿಡಿಸಿ ನೋಡಿದ ಪ್ರಯೋಗ ಎಂಬತ್ತು ವರ್ಷಕ್ಕೂ ಹಳೆಯದು.

ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ್ದ ಕರ್ಟ್ ಲೆವಿನ್, ತಮ್ಮ ಜೊತೆಗಾರರಾದ ರೊನಾಲ್ಡ್ ಲಿಪಿಟ್ ಮತ್ತು ರಾಲ್ಫ್ ವೈಟ್ ಜೊತೆ ಅಯೋವಾದಲ್ಲಿ ಹತ್ತು ವರ್ಷದ ಹುಡುಗರ ಸಣ್ಣ ಸಣ್ಣ ಕ್ಲಬ್ಬುಗಳನ್ನು ಕಟ್ಟಿದರು. ಶಾಲೆ ಬಿಟ್ಟ ಮೇಲೆ ಹುಡುಗರು ಮುಖವಾಡ ಮಾಡುವಂಥ ಕೈಕೆಲಸಗಳಲ್ಲಿ ತೊಡಗುತ್ತಿದ್ದರು. ಪ್ರತಿ ಕ್ಲಬ್ಬಿಗೂ ಒಬ್ಬ ದೊಡ್ಡವರು ಮುಂದಾಳು. ಒಂದು ಬಗೆಯ ಮುಂದಾಳು ಎಲ್ಲವನ್ನೂ ತಾನೇ ನಿರ್ಧರಿಸಿ ಒಂದೊಂದೇ ಆಜ್ಞೆ ಕೊಡುತ್ತಿದ್ದ. ಇನ್ನೊಂದು ಬಗೆಯವನು ಹುಡುಗರ ಜೊತೆ ಕೂತು ಚರ್ಚಿಸಿ ಕೆಲಸ ಹಂಚುತ್ತಿದ್ದ. ಮೂರನೆಯವನು ಹೇಗಾದರೂ ಮಾಡಿಕೊಳ್ಳಿ ಎಂದು ಬಿಟ್ಟುಬಿಡುತ್ತಿದ್ದ. ಈ ಮೂರನೆಯ ಬಗೆ ಮೊದಲಿನ ಯೋಜನೆಯಲ್ಲಿ ಇರಲೇ ಇಲ್ಲ. ಎರಡನೆಯ ಪಾತ್ರ ವಹಿಸಬೇಕಿದ್ದ ವೈಟ್ ಅವರ ಕೈಯಲ್ಲಿ ಅದು ಹದ ತಪ್ಪಿ ಹೀಗಾಯಿತು. ಲೆವಿನ್ ಬೈಯುವ ಬದಲು ಅದನ್ನೇ ಹೊಸ ಶೈಲಿಯೆಂದು ಗುರುತಿಸಿ ಪ್ರಯೋಗಕ್ಕೆ ಸೇರಿಸಿಕೊಂಡರು.

ಪ್ರಯೋಗದ ಜಾಣತನ ಇನ್ನೂ ಒಂದೆಡೆ ಇತ್ತು. ಆರಾರು ವಾರಕ್ಕೆ ಮುಂದಾಳುಗಳು ಕ್ಲಬ್ಬು ಬದಲಿಸಿದರು, ಅದರ ಜೊತೆ ಶೈಲಿಯನ್ನೂ ಬದಲಿಸಿದರು. ನಿನ್ನೆ ಆಜ್ಞೆ ಕೊಡುತ್ತಿದ್ದವರೇ ಇಂದು ಚರ್ಚಿಸುವವರು. ಮನುಷ್ಯ ಅದೇ, ಹುಟ್ಟುಗುಣ ಅದೇ, ನಡೆ ಮಾತ್ರ ಬೇರೆ. ಹುಡುಗರು ಬದಲಾದದ್ದು ಈ ನಡೆಗೆ ತಕ್ಕಂತೆ. ಆಜ್ಞೆಯ ಕ್ಲಬ್ಬುಗಳಲ್ಲಿ ಕೆಲವು ಜಗಳಗಂಟಿಯಾದವು, ಕೆಲವು ಮುದುಡಿಕೊಂಡವು. ಮುಂದಾಳು ಹೊರಗೆ ಹೋದೊಡನೆ ಕೆಲಸ ನಿಲ್ಲುತ್ತಿತ್ತು. ಚರ್ಚೆಯ ಕ್ಲಬ್ಬುಗಳಲ್ಲಿ ಮುಂದಾಳು ಇಲ್ಲದಿದ್ದರೂ ಕೆಲಸ ಸಾಗುತ್ತಿತ್ತು.

ತರಗತಿಯ ಶಿಸ್ತಿನ ವಿಷಯದಲ್ಲೂ ಇದೇ ಪಾಠ. ಜೇಕಬ್ ಕೂನಿನ್ ಎಂಬ ಪ್ರಾಧ್ಯಾಪಕರು ಒಮ್ಮೆ ತಮ್ಮ ತರಗತಿಯಲ್ಲಿ ಪತ್ರಿಕೆ ಓದುತ್ತಿದ್ದ ವಿದ್ಯಾರ್ಥಿಯನ್ನು ಗದರಿದರು. ಉಳಿದವರೆಲ್ಲ ನೆಟ್ಟಗೆ ಕೂತರು. ಗದರಿದ್ದು ಒಬ್ಬನನ್ನು, ತಟ್ಟಿದ್ದು ಎಲ್ಲರಿಗೂ. ಕುತೂಹಲ ಹುಟ್ಟಿ ಅವರು ಮುಂದೆ ಎಷ್ಟೋ ತರಗತಿಗಳ ವಿಡಿಯೊ ಮಾಡಿ ನೋಡಿದರು. ಶಿಸ್ತು ಇರುವ ತರಗತಿಗಳಲ್ಲೂ ಇಲ್ಲದ ತರಗತಿಗಳಲ್ಲೂ ಮೇಷ್ಟ್ರು ಗದರುವ ರೀತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ವ್ಯತ್ಯಾಸ ಇದ್ದದ್ದು ಗದರುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದರಲ್ಲಿ. ನಾವು 'ಬೆನ್ನಲ್ಲೂ ಕಣ್ಣು' ಅನ್ನುತ್ತೇವಲ್ಲ, ಅದು. ಹಲಗೆಗೆ ಬರೆಯುತ್ತಲೇ ಮೂಲೆಯ ಪಿಸುಮಾತು ಗಮನಿಸುವುದು, ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ತಡವರಿಸದೆ ದಾಟುವುದು, ಎರಡು ಕೆಲಸ ಒಟ್ಟಿಗೇ ನಿಭಾಯಿಸುವುದು. ಕೂನಿನ್ 1970ರಲ್ಲಿ ಪುಸ್ತಕ ಮಾಡಿ ಹೇಳಿದ ಇವೆಲ್ಲ ಅಭ್ಯಾಸದಿಂದ ಬರುವ ಕೈಚಳಕಗಳು. ಗಟ್ಟಿ ದನಿಯವರಿಗೂ ಬರುತ್ತವೆ, ಮೆಲು ದನಿಯವರಿಗೂ ಬರುತ್ತವೆ.

ವೇಷ ಮತ್ತು ಚೌಕಿ

ಹಾಗಾದರೆ ಸ್ವಭಾವಕ್ಕೆ ಏನೂ ಬೆಲೆಯಿಲ್ಲವೇ? ಇದೆ. ಅದನ್ನು ಕಾಣಲು ತರಗತಿಯಿಂದ ಹೊರಗೆ ಬರಬೇಕು.

ಕೆನಡಾದ ಮನೋವಿಜ್ಞಾನಿ ಬ್ರಯಾನ್ ಲಿಟ್ಲ್ ವೇದಿಕೆ ಏರಿದರೆ ಸಭೆಯನ್ನು ನಗೆಯಲ್ಲಿ ತೇಲಿಸುವವರು. ಹಾರ್ವರ್ಡ್‌ನಲ್ಲೂ ವಿದ್ಯಾರ್ಥಿಗಳ ಮೆಚ್ಚಿನ ಮೇಷ್ಟ್ರಾಗಿದ್ದವರು. ಅವರೇ ಹೇಳಿಕೊಂಡಿರುವಂತೆ ಅವರು ಅಪ್ಪಟ ಅಂತರ್ಮುಖಿ. ಕ್ವಿಬೆಕ್‌ನ ಸೇನಾ ಕಾಲೇಜೊಂದಕ್ಕೆ ಉಪನ್ಯಾಸಕ್ಕೆ ಹೋದಾಗ ಮಧ್ಯಾಹ್ನದ ಊಟಕ್ಕೆ ಅಧಿಕಾರಿಗಳ ಜೊತೆ ಕೂರಲು ಅವರಿಗೆ ಆಗುತ್ತಿರಲಿಲ್ಲ. ದೋಣಿಗಳೆಂದರೆ ಬಹಳ ಇಷ್ಟ ಎಂದು ನೆಪ ಹೇಳಿ ಪಕ್ಕದ ರಿಶೆಲ್ಯೂ ನದಿಯ ದಂಡೆಯಲ್ಲಿ ಒಬ್ಬರೇ ಅಡ್ಡಾಡುತ್ತಿದ್ದರು. ಆ ಅವಕಾಶವೂ ತಪ್ಪಿದಾಗ ಶೌಚಾಲಯದ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಒಮ್ಮೆ ಬಾಗಿಲ ಕೆಳಗೆ ಕಂಡ ಬೂಟುಗಳ ಗುರುತು ಹಿಡಿದು ಅಧಿಕಾರಿಯೊಬ್ಬರು ಅಲ್ಲೇ ಮಾತಿಗೆ ತೊಡಗಿದರು. ಅಂದಿನಿಂದ ಲಿಟ್ಲ್ ಕಾಲನ್ನೂ ಮೇಲೆತ್ತಿ ಕೂರತೊಡಗಿದರಂತೆ.

ಇದನ್ನು ಬೂಟಾಟಿಕೆ ಎನ್ನಬೇಕೇ? ಲಿಟ್ಲ್ ಅವರ ಪ್ರಕಾರ, ತನಗೆ ಮುಖ್ಯವಾದ ಕೆಲಸಕ್ಕಾಗಿ ಮನುಷ್ಯ ತನ್ನದಲ್ಲದ ಗುಣವನ್ನು ಸ್ವಲ್ಪ ಹೊತ್ತು ತೊಡಬಲ್ಲ. ಯಕ್ಷಗಾನದ ಕಲಾವಿದರಿಗೆ ಇದನ್ನು ವಿವರಿಸಬೇಕಿಲ್ಲ. ಹಗಲು ಮೆತ್ತಗಿರುವ ಮನುಷ್ಯ ರಾತ್ರಿ ಬಣ್ಣದ ವೇಷ ಕಟ್ಟಿ ರಂಗಸ್ಥಳ ನಡುಗಿಸುತ್ತಾನೆ. ಆದರೆ ಅವನಿಗೊಂದು ಚೌಕಿ ಬೇಕು, ಕಿರೀಟ ಇಳಿಸಿ ಬಣ್ಣ ಒರೆಸಿಕೊಂಡು ಕೂರುವ ಜಾಗ. ಲಿಟ್ಲ್ ಅವರಿಗೆ ನದಿಯ ದಂಡೆ ಚೌಕಿಯಾಗಿತ್ತು.

ಅಮೆರಿಕದ ವಿಲಿಯಂ ಫ್ಲೀಸನ್ ಇದಕ್ಕೆ ಲೆಕ್ಕದ ಬೆಂಬಲ ಕೊಟ್ಟರು. ಸಣ್ಣ ಕೈಗಣಕಗಳನ್ನು ಜನರ ಕೈಗಿತ್ತು, ದಿನಕ್ಕೆ ಹಲವು ಸಲ, ಈಗ ಎಷ್ಟು ಮಾತಾಡುತ್ತಿದ್ದೀರಿ, ಎಷ್ಟು ಹುರುಪಿನಲ್ಲಿದ್ದೀರಿ ಎಂದು ದಾಖಲಿಸಿಕೊಂಡರು. 2001ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಒಬ್ಬನೇ ಮನುಷ್ಯ ಒಂದೆರಡು ವಾರದಲ್ಲಿ ಅಂತರ್ಮುಖತೆಯಿಂದ ಬಹಿರ್ಮುಖತೆಯವರೆಗೆ ಹೆಚ್ಚುಕಡಿಮೆ ಇಡೀ ಪಟ್ಟಿಯ ಮೇಲೆ ಓಡಾಡುತ್ತಾನೆ. ಸ್ಥಿರವಾಗಿ ಉಳಿಯುವುದು ಅವನ ಸರಾಸರಿ. ಆಗುಂಬೆಯಲ್ಲೂ ಚುರುಕು ಬಿಸಿಲಿನ ದಿನಗಳಿವೆ, ಚಳ್ಳಕೆರೆಯಲ್ಲೂ ಜಡಿಮಳೆ ಬೀಳುವುದುಂಟು. ಹಾಗೆಂದು ಆಗುಂಬೆ ಚಳ್ಳಕೆರೆಯಾಗುವುದಿಲ್ಲ. ಸ್ವಭಾವ ಎಂದರೆ ಊರಿನ ಹವಾಗುಣ, ತರಗತಿಯ ನಡೆ ಎಂದರೆ ಆ ದಿನದ ಹವೆ.

ಗಾದೆಯ ನಿಜ ಎಷ್ಟು ಎಂಬುದನ್ನು ಈಗ ಹೇಳಬಹುದು. ಹುಟ್ಟುಗುಣ ಹೋಗುವುದಿಲ್ಲ. ಯಾವ ಕೆಲಸ ಸಲೀಸು, ಯಾವ ಕೆಲಸಕ್ಕೆ ಮೈಮುರಿಯಬೇಕು ಎಂಬುದನ್ನು ಅದು ತೀರ್ಮಾನಿಸುತ್ತದೆ. ಅಂತರ್ಮುಖಿಯೂ ಅರವತ್ತು ಮಕ್ಕಳ ಎದುರು ಕನ್ನಡಿ ಹಿಡಿದು ಕುಣಿಯಬಲ್ಲರು, ಆದರೆ ಬಹಿರ್ಮುಖಿಗೆ ಪುಕ್ಕಟೆ ಸಿಕ್ಕಿದ್ದಕ್ಕೆ ಅವರು ದುಡ್ಡು ಕೊಡಬೇಕು. ಕಿಮ್ ಅವರ ವಿಶ್ಲೇಷಣೆಯಲ್ಲಿ ಈ ಖರ್ಚಿನ ಲೆಕ್ಕವೂ ಕಾಣುತ್ತದೆ. ಭಾವಸ್ಥೈರ್ಯ, ಬಹಿರ್ಮುಖತೆ, ಕರ್ತವ್ಯನಿಷ್ಠೆ ಕಡಿಮೆ ಇರುವ ಶಿಕ್ಷಕರಲ್ಲಿ ವೃತ್ತಿಯ ಬಳಲಿಕೆ ಹೆಚ್ಚು. ಸತತ ಏಳು ಪೀರಿಯಡ್ಡು, ನಡುವೆ ಬಿಸಿಯೂಟದ ಉಸ್ತುವಾರಿ, ಆಮೇಲೆ ಮಾಹಿತಿ ತುಂಬುವ ಕೆಲಸ, ಚುನಾವಣೆ ಬಂದರೆ ಆ ಕೆಲಸ. ನಮ್ಮ ಶಾಲೆಯ ದಿನಚರಿಯಲ್ಲಿ ವೇಷ ಕಟ್ಟಲು ಎಲ್ಲ ಏರ್ಪಾಡೂ ಇದೆ, ಚೌಕಿಗೆ ಜಾಗವಿಲ್ಲ.

ತಟ್ಟೆಗಳ ನಡುವೆ

ಪಾಠದ ಪದ್ಧತಿ ಬದಲಾದರೆ ಸ್ವಭಾವದ ಬೆಲೆಯೂ ಬದಲಾಗುತ್ತದೆ. ಇದಕ್ಕೆ ನಮ್ಮಲ್ಲೇ ಒಳ್ಳೆಯ ಉದಾಹರಣೆ ಇದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿ ವ್ಯಾಲಿಯ ಮಾದರಿ ನೋಡಿ ಶಿಕ್ಷಕರೇ ಕಟ್ಟಿದ ನಲಿ-ಕಲಿ ಪದ್ಧತಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಅಲ್ಲಿ ಒಟ್ಟಿಗೇ ನೆಲದ ಮೇಲೆ ಕೂರುತ್ತಾರೆ. ಮಗು ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲು ನೋಡಿ, ಕಾರ್ಡು ತೆಗೆದುಕೊಂಡು, ತನ್ನ ತಟ್ಟೆಗೆ, ಅಂದರೆ ಗುಂಪಿಗೆ ಹೋಗುತ್ತದೆ. ಒಂದು ತಟ್ಟೆಯಲ್ಲಿ ಶಿಕ್ಷಕರ ಪೂರ್ಣ ಸಹಾಯ, ಇನ್ನೊಂದರಲ್ಲಿ ಅರೆ ಸಹಾಯ, ಮುಂದಿನವುಗಳಲ್ಲಿ ಸಹಪಾಠಿಗಳ ನೆರವು, ಕೊನೆಯದರಲ್ಲಿ ಸ್ವಕಲಿಕೆ.

ಇಲ್ಲಿ ಎದುರು ನಿಂತು ಸಭೆ ತುಂಬುವ ಕೆಲಸವೇ ಹೆಚ್ಚಿಲ್ಲ. ಚಾಪೆಯ ಮೇಲೆ ಕೂತು, ಒಂದು ಮಗುವಿನ ಬೆರಳು ಅಕ್ಷರದ ಮೇಲೆ ಎಲ್ಲಿ ತಡೆಯಿತು ಎಂದು ನೋಡುವ ಕೆಲಸ ಹೆಚ್ಚು. ಕರಿಹಲಗೆಯ ಮುಂದೆ ಮಂಕಾಗಿ ಕಾಣುವ ಟೀಚರು ಇಲ್ಲಿ ಸಲೀಸಾಗಿ ಬೆಳಗಬಹುದು. ಮಾತಿನಮಲ್ಲ ಮೇಷ್ಟ್ರಿಗೆ ಐದು ತಟ್ಟೆಗಳ ನಡುವೆ ಬಾಯಿ ಕಟ್ಟಿದಂತಾಗಬಹುದು. ಸ್ವಭಾವ ಅದೇ, ಪದ್ಧತಿ ಬದಲಾದಾಗ ಅದರ ತೂಕ ಬೇರೆಯಾಯಿತು. ಶಿಕ್ಷಕರ ತರಬೇತಿಯಲ್ಲಿ ಎಲ್ಲರಿಗೂ ಒಂದೇ ಅಚ್ಚು ಹಾಕುವ ಬದಲು, ಯಾರಿಗೆ ಯಾವ ಕೆಲಸ ದುಬಾರಿ ಎಂದು ನೋಡಿ ಅದರಲ್ಲೇ ಹೆಚ್ಚು ತಾಲೀಮು ಕೊಡುವುದು ಜಾಣತನ.

ಮೂರು ಸೆಕೆಂಡು

ಬಿ.ಇಡಿ. ಓದಿದವರಿಗೆ ನೆಡ್ ಫ್ಲಾಂಡರ್ಸ್ ಹೆಸರು ಮರೆತಿರಲಾರದು. ತರಗತಿಯಲ್ಲಿ ಕೂತು ಪ್ರತಿ ಮೂರು ಸೆಕೆಂಡಿಗೊಮ್ಮೆ ಏನು ನಡೆಯುತ್ತಿದೆ ಎಂದು ಗುರುತು ಹಾಕುವ ವಿಧಾನ ಅವರದು. ಅದರಲ್ಲಿ ಹತ್ತು ವರ್ಗಗಳು. ಏಳು ಶಿಕ್ಷಕರ ಮಾತಿಗೆ, ಎರಡು ವಿದ್ಯಾರ್ಥಿಗಳ ಮಾತಿಗೆ, ಹತ್ತನೆಯದು 'ಮೌನ ಅಥವಾ ಗೊಂದಲ'. ಹೀಗೆ ಎಣಿಸಿ ಅವರು ಕಂಡದ್ದು ಮೂರನೇ ಎರಡರ ನಿಯಮ. ತರಗತಿಯ ಮೂರನೇ ಎರಡು ಭಾಗ ಹೊತ್ತು ಯಾರೋ ಮಾತಾಡುತ್ತಿರುತ್ತಾರೆ, ಅದರಲ್ಲಿ ಮೂರನೇ ಎರಡು ಭಾಗ ಶಿಕ್ಷಕರದೇ ಮಾತು.

ಅಮೆರಿಕದ ಮೇರಿ ಬಡ್ ರೋ ಪ್ರಾಥಮಿಕ ಶಾಲೆಗಳ ವಿಜ್ಞಾನ ಪಾಠಗಳನ್ನು ಟೇಪ್ ಮಾಡಿ ಇನ್ನೊಂದನ್ನು ಅಳೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆ? ಸರಾಸರಿ ಸುಮಾರು ಒಂದು ಸೆಕೆಂಡು. ಅಷ್ಟರಲ್ಲಿ ಉತ್ತರ ಬರದಿದ್ದರೆ ಇನ್ನೊಬ್ಬರನ್ನು ಏಳಿಸುತ್ತಾರೆ, ಇಲ್ಲವೇ ತಾವೇ ಹೇಳಿಬಿಡುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನೆ ಕೂರುವವರು ಕಡಿಮೆಯಾದರು. 'ದಡ್ಡರು' ಎಂದು ಶಿಕ್ಷಕರು ಪಟ್ಟಿ ಮಾಡಿದ್ದ ಮಕ್ಕಳೂ ಬಾಯಿ ಬಿಟ್ಟರು. ಮಕ್ಕಳೇ ಪ್ರಶ್ನೆ ಕೇಳುವುದೂ ಹೆಚ್ಚಿತು.

ಮಾತಿನ ಮಲ್ಲರಿಗೆ ಆ ಮೂರು ಸೆಕೆಂಡಿನ ಮೌನ ಖಾಲಿ ಎನಿಸುತ್ತದೆ. ಅಚ್ಚುಕಟ್ಟಿನವರಿಗೆ ಹೊತ್ತು ಪೋಲಾದಂತೆ. ಸೌಹಾರ್ದದವರಿಗೆ 'ಪಾಪ, ಮಗುವಿಗೆ ಮುಜುಗರವಾಯಿತು' ಎನ್ನುವ ಮರುಕ. ಅಳುಕಿನವರಿಗೆ ತರಗತಿ ಕೈತಪ್ಪುವ ಭಯ. ಕಾಯದಿರಲು ಪ್ರತಿ ಸ್ವಭಾವಕ್ಕೂ ತನ್ನದೇ ಕಾರಣವಿದೆ, ಕಾಯಲು ಮಾತ್ರ ಯಾವ ವಿಶೇಷ ಸ್ವಭಾವವೂ ಬೇಕಿಲ್ಲ. ಎಣಿಕೆ ಬಂದರೆ ಸಾಕು. ಫ್ಲಾಂಡರ್ಸ್ ಪಟ್ಟಿಯಲ್ಲಿ ಆ ಮೂರು ಸೆಕೆಂಡಿಗೆ ಸಿಗುವುದು ಒಂದೇ ಒಂದು ಗುರುತು, ಅದೂ ಗೊಂದಲದ ಜೊತೆಗೆ ಹಂಚಿಕೊಂಡ ಹತ್ತನೇ ಮನೆಯಲ್ಲಿ.

ನೀವು ಶಿಕ್ಷಕರಾಗಿದ್ದರೆ ಯಾವ ಟೈಪು ಎಂದು ತಿಳಿಸುವ ಪರೀಕ್ಷೆಗೆ ಕೂರುವ ಮೊದಲು ನಾಳೆಯ ಮೊದಲ ಪೀರಿಯಡ್ಡಿನಲ್ಲಿ ಒಂದು ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ. ಎರಡಕ್ಕೆ ಬರುವಾಗ ನಿಮಗೆ ಏನನ್ನಿಸಿತು ಎಂಬುದು ನಿಮ್ಮ ಸ್ವಭಾವ. ಮೂರರವರೆಗೆ ಕಾದಿರೋ ಇಲ್ಲವೋ ಎಂಬುದು ನಿಮ್ಮ ಪಾಠ.